ಒಂದೇ ಪಾತ್ರೆ, ಐದು ತಟ್ಟೆ: ಚಿಕ್ಕಮಗಳೂರಿನ ಒಂದು ಮನೆಯ ಅಡುಗೆ ಹಗುರವಾದ ಬಗೆ

ಊಟದ ಸಲಹೆ ಕೊಡುವುದು ನನ್ನ ಕೆಲಸ. ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳ ಅಡುಗೆ ನನಗೆ ಚೆನ್ನಾಗಿ ಗೊತ್ತು ಎಂದೇ ಅಂದುಕೊಂಡಿದ್ದೆ. ಈ ಮನೆ ನನಗೆ ಕಲಿಸಿದ್ದು ಬಹಳ. ಹಾಗಾಗಿ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಬರೆಯಲು ಮನೆಯವರ ಒಪ್ಪಿಗೆ ಇದೆ. ಗುರುತು ಸಿಗಬಾರದು ಎಂದು ವಯಸ್ಸು, ಕೆಲಸ, ಬೀದಿ ಎಲ್ಲ ಸ್ವಲ್ಪ ಬದಲಿಸಿದ್ದೇನೆ. ಅಡುಗೆಯ ಲೆಕ್ಕ ಮಾತ್ರ ಬದಲಿಸಿಲ್ಲ. ಅಡುಗೆ ಮಾಡುವವರನ್ನು ನಾನು ‘ಅಕ್ಕ’ ಎಂದೇ ಕರೆಯುತ್ತಿದ್ದೆ. ಇಲ್ಲೂ ಹಾಗೇ ಇರಲಿ.

ಮನೆ, ಮನೆಯವರು

ಚಿಕ್ಕಮಗಳೂರು ಪೇಟೆಯಲ್ಲಿ ಮನೆ. ಒಟ್ಟು ಐದು ಜನ. ಅಕ್ಕನಿಗೆ 43 ವರ್ಷ. ಅವರ ಯಜಮಾನರಿಗೆ 49. ಕಾಫಿಗೆ ಸಂಬಂಧಪಟ್ಟ ಕೆಲಸ, ಆದರೆ ತೋಟ ಸುತ್ತುವಂಥದ್ದಲ್ಲ, ದಿನವಿಡೀ ಕೂತು ಲೆಕ್ಕ ನೋಡುವಂಥದ್ದು. ಅತ್ತೆಗೆ 72. ಮಗಳು ಕಾಲೇಜಿಗೆ ಹೋಗುತ್ತಾಳೆ. ಮಗನಿಗೆ 15, ಶಾಲೆಯ ಕಬಡ್ಡಿ ತಂಡದಲ್ಲಿದ್ದಾನೆ.

ಅಕ್ಕನ ತವರು ಅರಸೀಕೆರೆ ಕಡೆ. ತೆಂಗಿನ ಸೀಮೆ. ಅಲ್ಲಿ ಮುದ್ದೆ, ಬಸ್ಸಾರು, ಉಪ್ಸಾರು. ಸೇರಿದ ಮನೆ ಮೂಡಿಗೆರೆ ಕಡೆಯದು. ಇಲ್ಲಿ ಅಕ್ಕಿ ರೊಟ್ಟಿ, ಕಡುಬು, ಕೋಳಿ ಸಾರು, ಮಳೆಗಾಲದಲ್ಲಿ ಕಳಲೆ, ಕೆಸುವಿನ ಸೊಪ್ಪು. ಇಪ್ಪತ್ತು ವರ್ಷದಲ್ಲಿ ಅಕ್ಕ ಗಂಡನ ಮನೆಯ ಅಡುಗೆಯನ್ನು ಪೂರ್ತಿ ಕಲಿತಿದ್ದರು. ತವರಿನ ಅಡುಗೆ ತಿಂಗಳಿಗೆ ಒಂದೆರಡು ಸಲ, ಅದೂ ತಮಗೆ ಆಸೆಯಾದಾಗ ಮಾತ್ರ. ಈ ವಿಷಯ ಮುಂದೆ ಮುಖ್ಯವಾಗುತ್ತದೆ. ಆದರೆ ಮೊದಲ ದಿನ ನಾನು ಇದನ್ನು ಕೇಳಲೇ ಇಲ್ಲ.

ಜೂನ್ ತಿಂಗಳ ರಿಪೋರ್ಟು

ಯಜಮಾನರಿಗೆ ಸುಸ್ತು ಅಂತ ರಕ್ತ ಪರೀಕ್ಷೆ ಮಾಡಿಸಿದ್ದರು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.2 ಇತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದಾರೆ ಎಂದರ್ಥ. 6.5 ಮುಟ್ಟಿದರೆ ಕಾಯಿಲೆಯೇ. ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು, ಟ್ರೈಗ್ಲಿಸರೈಡ್, 260. ಅದು 150ರ ಒಳಗಿರಬೇಕು. ತೂಕ 84 ಕೆಜಿ, ಸೊಂಟದ ಸುತ್ತಳತೆ 101 ಸೆಂಟಿಮೀಟರ್. ನಮ್ಮ ಗಂಡಸರಿಗೆ 90 ದಾಟಬಾರದು ಅಂತ ಲೆಕ್ಕ. ಡಾಕ್ಟರು ಮಾತ್ರೆ ಬರೆಯಲಿಲ್ಲ. ‘ಮೂರು ತಿಂಗಳು ಊಟ ಸರಿ ಮಾಡ್ಕೊಳ್ಳಿ, ಆಮೇಲೆ ನೋಡೋಣ’ ಎಂದು ನನ್ನ ಹತ್ತಿರ ಕಳಿಸಿದರು.

ನನ್ನ ಮುಂದೆ ಕೂತಿದ್ದು ಇಬ್ಬರು. ರಿಪೋರ್ಟು ಇದ್ದದ್ದು ಒಬ್ಬರದು. ನಾನು ಪೂರ್ತಿ ಮಾತಾಡಿದ್ದು ಯಜಮಾನರ ಜೊತೆ. ಪಕ್ಕದಲ್ಲಿ ಅಕ್ಕ ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅಡುಗೆ ಮಾಡುವ ಕೈ ಅವರದು. ಅವರನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಎಲ್ಲಾ ಅರ್ಥ ಆಯ್ತಾ?’

ಹನ್ನೊಂದು ದಿನದ ಚಾರ್ಟು

ಒಂದು ಚಾರ್ಟು ಬರೆದುಕೊಟ್ಟೆ. ಬೆಳಗ್ಗೆ ಓಟ್ಸ್ ಉಪ್ಪಿಟ್ಟು, ಮಧ್ಯಾಹ್ನ ಎರಡು ಎಣ್ಣೆ ಹಾಕದ ಚಪಾತಿ, ಒಂದು ಬಟ್ಟಲು ಬೇಳೆ, ಸಲಾಡು. ರಾತ್ರಿ ಮತ್ತೆ ಚಪಾತಿ, ತರಕಾರಿ ಸೂಪು. ಕಾಗದದ ಮೇಲೆ ಅದರಲ್ಲಿ ಏನೂ ತಪ್ಪಿರಲಿಲ್ಲ.

ಹನ್ನೊಂದನೇ ದಿನ ಅಕ್ಕನ ಫೋನು ಬಂತು. ‘ಮೇಡಂ, ಬೆಳಗ್ಗೆ ಇವರಿಗೆ ಓಟ್ಸು, ಅತ್ತೆಗೆ ಗಂಜಿ, ಮಕ್ಕಳಿಗೆ ರೊಟ್ಟಿ. ರಾತ್ರಿ ಮತ್ತೆ ಮೂರು ಥರ. ನಾನು ಹೋಟೆಲ್ ನಡೆಸ್ತಿದೀನಿ ಅನ್ನಿಸ್ತಿದೆ. ಇವರು ತಮ್ಮ ತಟ್ಟೆ ಮುಗಿಸಿ ಆಮೇಲೆ ಮಗನ ತಟ್ಟೆಯಿಂದ ಎರಡು ರೊಟ್ಟಿ ತೆಗೆದುಕೊಂಡು ತಿಂತಾರೆ. ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ.’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸ ಇತ್ತು. ಒಂದು ಮನೆಯಲ್ಲಿ ನಾಲ್ಕು ಜನ ಬಿಸಿ ರೊಟ್ಟಿ ತಿನ್ನುವಾಗ ಒಬ್ಬರು ಪಕ್ಕದಲ್ಲಿ ಕೂತು ಓಟ್ಸ್ ತಿನ್ನುವುದು ಎಷ್ಟು ದಿನ ಸಾಧ್ಯ? ಪಥ್ಯ ಅಂದರೆ ನಮ್ಮಲ್ಲಿ ಕಾಯಿಲೆಯವರ ಊಟ. ಜ್ವರ ಬಿಟ್ಟ ಮೇಲೆ ಪಥ್ಯವೂ ಬಿಡುತ್ತದೆ. ನಾನು ಕೊಟ್ಟದ್ದೂ ಅಂಥ ಊಟವೇ ಆಗಿತ್ತು. ಚಾರ್ಟು ವಾಪಸ್ ತೆಗೆದುಕೊಳ್ಳುತ್ತೇನೆ, ಒಂದು ದಿನ ಬೆಳಗ್ಗೆ ನಿಮ್ಮ ಮನೆಗೆ ಬರಲಾ ಎಂದು ಕೇಳಿದೆ. ಈ ಪ್ರಕರಣದಲ್ಲಿ ಮೊದಲ ಸರಿಯಾದ ತೀರ್ಮಾನ ಅದು.

ಅಡುಗೆಮನೆಯಲ್ಲಿ ಒಂದು ಬೆಳಗ್ಗೆ

ಜೂನ್ ಕೊನೆ. ಹೊರಗೆ ಒಂದೇ ಸಮ ಮಳೆ. ಏಳು ಗಂಟೆಗೆ ಅಕ್ಕ ರೊಟ್ಟಿ ತಟ್ಟಲು ಶುರು ಮಾಡಿದ್ದರು. ಅಕ್ಕಿ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕಾಯಿತುರಿ ಹಾಕಿ ಕಲಸಿ, ನೇರ ಕಾವಲಿ ಮೇಲೇ ತಟ್ಟುವ ರೊಟ್ಟಿ. ಕಾವಲಿಗೆ ಮೊದಲು ಎಣ್ಣೆ. ತಟ್ಟಿದ ಮೇಲೆ ಬೆರಳಲ್ಲಿ ಮೂರು ನಾಲ್ಕು ತೂತು ಮಾಡಿ ಅದಕ್ಕೆ ಎಣ್ಣೆ. ತಿರುವಿ ಹಾಕಿ ಸುತ್ತಲೂ ಎಣ್ಣೆ. ಎಣ್ಣೆ ಬೀಳುತ್ತಿದ್ದದ್ದು ಚಮಚದಿಂದಲ್ಲ, ಉದ್ದ ಕೊಕ್ಕಿನ ಸ್ಟೀಲ್ ಡಬ್ಬಿಯಿಂದ.

ನಾನು ಏನೂ ಹೇಳಲಿಲ್ಲ. ಒಂದು ರೊಟ್ಟಿ ಆದಮೇಲೆ, ‘ಅಕ್ಕ, ಮುಂದಿನ ರೊಟ್ಟಿಗೆ ಇಷ್ಟೇ ಎಣ್ಣೆಯನ್ನ ಚಮಚದಲ್ಲಿ ಹಾಕ್ತೀರಾ?’ ಅಂದೆ. ಮೂರು ಟೀ ಚಮಚ ಹಿಡಿಯಿತು. ಅಂದರೆ 13 ಗ್ರಾಂಗಿಂತ ಸ್ವಲ್ಪ ಜಾಸ್ತಿ. ಯಜಮಾನರು ನಾಲ್ಕು ರೊಟ್ಟಿ ತಿನ್ನುತ್ತಿದ್ದರು. ಬೆಳಗಿನ ತಿಂಡಿಯಲ್ಲೇ 50 ಗ್ರಾಂ ಎಣ್ಣೆ ದಾಟಿತ್ತು. ಕೂತು ಕೆಲಸ ಮಾಡುವ ದೊಡ್ಡವರಿಗೆ ಎಣ್ಣೆ, ತುಪ್ಪ ಎಲ್ಲ ಸೇರಿ ಇಡೀ ದಿನಕ್ಕೆ 20ರಿಂದ 30 ಗ್ರಾಂ ಸಾಕು. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ, ಅದೇ ಒಂದು ಗ್ರಾಂ ಹಿಟ್ಟಿಗೆ 4ರ ಒಳಗೆ. ಈ ಲೆಕ್ಕ ನಾನು ನೂರಾರು ಸಲ ಬಾಯಲ್ಲಿ ಹೇಳಿದ್ದೇನೆ. ಆದರೆ ಅಕ್ಕ ತಮ್ಮ ಕೈಯಾರೆ ಚಮಚ ಎಣಿಸಿ, ಸುಮ್ಮನೆ ಆ ಡಬ್ಬಿಯನ್ನು ನೋಡಿದ ಹೊತ್ತೇ ಬೇರೆ.

ತಿಂಗಳ ದಿನಸಿ ಚೀಟಿ ನೋಡಿದೆವು. ಎಣ್ಣೆ ಆರು ಲೀಟರ್. ಐದು ಜನಕ್ಕೆ ಹಂಚಿದರೆ ದಿನಕ್ಕೆ ತಲಾ 36 ಗ್ರಾಂ. ಅದರ ಮೇಲೆ ತುಪ್ಪ. ಅದರ ಮೇಲೆ ಕಾಯಿ. ತವರಿನಿಂದ ಮೂಟೆಗಟ್ಟಲೆ ತೆಂಗಿನಕಾಯಿ ಬರುತ್ತಿತ್ತು, ಕೊಳ್ಳುವ ಮಾತೇ ಇಲ್ಲ. ದಿನಕ್ಕೆ ಒಂದೂವರೆ ಕಾಯಿ ಖರ್ಚು. ಚಟ್ನಿಗೆ, ಸಾರಿಗೆ, ಪಲ್ಯಕ್ಕೆ, ರೊಟ್ಟಿಗೆ. 100 ಗ್ರಾಂ ಹಸಿ ಕಾಯಿತುರಿಯಲ್ಲಿ 33 ಗ್ರಾಂಗೂ ಮೇಲೆ ಜಿಡ್ಡಿರುತ್ತದೆ. ಕಾಯಿ ಕೆಟ್ಟದ್ದು ಅಂತ ನಾನು ಯಾರಿಗೂ ಹೇಳುವುದಿಲ್ಲ. ನಮ್ಮ ಅಡುಗೆಯ ಜೀವ ಅದು. ಆದರೆ ಅದನ್ನು ಎಣ್ಣೆಯ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ.

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಎಲ್ಲರಿಗೂ ಬಡಿಸಿ, ಮಕ್ಕಳನ್ನು ಕಳಿಸಿ, ಹತ್ತು ಗಂಟೆಗೆ ಅಕ್ಕ ತಿಂಡಿಗೆ ಕೂತರು. ಉಳಿದ ಒಂದೂವರೆ ರೊಟ್ಟಿ, ತಳದಲ್ಲಿದ್ದ ಚಟ್ನಿ. ಪಕ್ಕದಲ್ಲೇ ಬಿಸಿ ಕಾಫಿ. ‘ನೀವು ಯಾವಾಗಲಾದರೂ ರಕ್ತ ಪರೀಕ್ಷೆ ಮಾಡಿಸಿದ್ದೀರಾ?’ ಎಂದು ಕೇಳಿದೆ. ‘ನನಗೇನಾಗಿದೆ?’ ಅಂದರು. ಮುಂದಿನ ವಾರ ಮಾಡಿಸಿದಾಗ ಹಿಮೋಗ್ಲೋಬಿನ್ 9.8 ಬಂತು. ಹೆಂಗಸರಿಗೆ 12 ಆದರೂ ಇರಬೇಕು. ರಿಪೋರ್ಟು ಯಾರ ಹೆಸರಲ್ಲಿ ಬರುತ್ತದೋ ಅವರನ್ನಷ್ಟೇ ನೋಡುವ ನನ್ನ ಅಭ್ಯಾಸ ಅವತ್ತು ಬಿಟ್ಟುಹೋಯಿತು.

ಭಾನುವಾರದ ಬಾಟಲಿ

ಜುಲೈ ಒಂದರಿಂದ ಹೊಸ ಲೆಕ್ಕ. ಯಾರಿಗೂ ಬೇರೆ ಅಡುಗೆ ಇಲ್ಲ. ಎಲ್ಲರಿಗೂ ಒಂದೇ ಪಾತ್ರೆ. ಆ ಪಾತ್ರೆಯ ಒಳಗೆ ಏನು ಬದಲಿಸಬಹುದು ಅಷ್ಟೇ ನೋಡೋಣ ಎಂದು ಮಾತಾಡಿಕೊಂಡೆವು.

ಮೊದಲನೆಯದು ಎಣ್ಣೆ. ಕೊಕ್ಕಿನ ಡಬ್ಬಿ ಅಟ್ಟಕ್ಕೆ ಹೋಯಿತು. ಭಾನುವಾರ ಒಂದು ಗಾಜಿನ ಬಾಟಲಿಗೆ ಒಂದು ಲೀಟರ್ ಎಣ್ಣೆ ತುಂಬುವುದು, ಮುಂದಿನ ಭಾನುವಾರದವರೆಗೆ ಅದೇ. ಆಮೇಲೆ 800 ಮಿಲಿ. ಕರಿಯುವ ಆಸೆಯಾದರೆ ಆಗಲಿ, ಅದೂ ಆ ಬಾಟಲಿಯಿಂದಲೇ. ಬುಧವಾರ ಬೋಂಡ ಕರಿದರೆ ಶುಕ್ರವಾರದ ಒಗ್ಗರಣೆಗೆ ಒಂದೇ ಚಮಚ. ನಾನು ಯಾವ ತಿಂಡಿಯನ್ನೂ ಬೇಡ ಎನ್ನಲಿಲ್ಲ. ತೂಗಿ ನೋಡುವ ಕೆಲಸವನ್ನು ಬಾಟಲಿ ಮಾಡಿತು. ಅಕ್ಕ ಅದರ ಮೇಲೆ ಪೆನ್ನಿನಲ್ಲಿ ಏಳು ಗೆರೆ ಎಳೆದಿದ್ದರು. ಆ ಉಪಾಯ ಅವರದೇ.

ಎರಡನೆಯದು ಕಾಯಿ. ಇಲ್ಲಿ ಅಕ್ಕನ ತವರಿನ ಅಡುಗೆ ಕೈಹಿಡಿಯಿತು. ಬಸ್ಸಾರು ಅಂದರೆ ಬಸಿದ ಸಾರು. ಕಾಳು, ಸೊಪ್ಪು ಬೇಯಿಸಿ ನೀರು ಬಸಿಯುವುದು. ಆ ನೀರಿನಿಂದ ಸಾರು, ಬೆಂದ ಕಾಳು ಸೊಪ್ಪಿನಿಂದ ಪಲ್ಯ. ಮಸಾಲೆ ರುಬ್ಬುವಾಗ ಬೆಂದ ಕಾಳನ್ನೇ ಒಂದು ಹಿಡಿ ಹಾಕುತ್ತಾರೆ, ಸಾರು ತಾನಾಗಿ ಗಟ್ಟಿಯಾಗುತ್ತದೆ. ‘ಹಾಗಾದರೆ ದಿನದ ಹುಳಿಗೂ ಅದನ್ನೇ ಮಾಡಬಹುದಲ್ವಾ?’ ಎಂದು ಅಕ್ಕನೇ ಕೇಳಿದರು. ಅರ್ಧ ಕಾಯಿ ಹಾಕುವ ಕಡೆ ಒಂದು ಹಿಡಿ ತುರಿ, ಒಂದು ಸೌಟು ಬೆಂದ ಬೇಳೆ. ಚಟ್ನಿಗೆ ಕಾಯಿ ಅರ್ಧ ಮಾಡಿ, ಹುರಿಗಡಲೆ, ಹೀರೆಕಾಯಿ ಸಿಪ್ಪೆ, ಇಲ್ಲವೇ ಸೀಮೆಬದನೆಕಾಯಿ. ಮಳೆಗಾಲದಲ್ಲಿ ಹಿತ್ತಿಲಲ್ಲಿ ದೊಡ್ಡಪತ್ರೆ, ಒಂದೆಲಗ ಬೇಕಾದಷ್ಟು. ಅದರ ತಂಬುಳಿಗೆ ಎರಡು ಚಮಚ ಕಾಯಿ, ಉಳಿದದ್ದು ಮಜ್ಜಿಗೆ. ಮೂರು ವಾರದಲ್ಲಿ ದಿನಕ್ಕೆ ಒಂದೂವರೆ ಕಾಯಿ ಅರ್ಧ ಕಾಯಿಗೆ ಇಳಿಯಿತು. ಯಜಮಾನರಿಗೆ ಗೊತ್ತಾಗಲೇ ಇಲ್ಲ. ಮಗಳಿಗೆ ಮಾತ್ರ ಗೊತ್ತಾಯಿತು, ‘ಸಾರು ಈಗಲೇ ಚೆನ್ನಾಗಿದೆ’ ಅಂದಳಂತೆ.

ಹಗುರ ಅಂದುಕೊಂಡು ಮಾಡಿದ ಎರಡು ಬದಲಾವಣೆ

ಜುಲೈ ಕೊನೆಗೆ ಯಜಮಾನರ ತೂಕ ಒಂದೇ ಕೆಜಿ ಇಳಿದಿತ್ತು. ಇಷ್ಟು ಎಣ್ಣೆ ಕಡಿಮೆಯಾದ ಮೇಲೂ ಯಾಕೆ ಹೀಗೆ? ಕೂತು ಕೇಳಿದಾಗ ಎರಡು ವಿಷಯ ಹೊರಬಂತು.

ಒಂದು, ಬೆಲ್ಲದ ಕಾಫಿ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಇತ್ತು. ‘ಸಕ್ಕರೆ ಬಿಟ್ಟಿದ್ದೇವೆ ಮೇಡಂ, ಈಗ ಎಲ್ಲಾ ಬೆಲ್ಲ’ ಎಂದು ಅಕ್ಕ ಖುಷಿಯಿಂದ ಹೇಳಿದರು. ಬೆಲ್ಲದಲ್ಲೂ ಹೆಚ್ಚುಕಡಿಮೆ ಸಕ್ಕರೆಯಷ್ಟೇ ಕ್ಯಾಲೊರಿ, ರಕ್ತದಲ್ಲಿ ಸಕ್ಕರೆಯನ್ನೂ ಹಾಗೇ ಏರಿಸುತ್ತದೆ. ಬೆಲ್ಲ ಒಳ್ಳೆಯದು ಎನ್ನುವ ನಂಬಿಕೆಯಲ್ಲಿ ಚಮಚ ಇನ್ನೂ ದೊಡ್ಡದಾಗಿತ್ತು. ಇದನ್ನು ಹೇಳುವಾಗ ನನಗೆ ಬೇಜಾರಾಯಿತು, ಯಾಕೆಂದರೆ ಅವರು ಮನಸ್ಸಿಟ್ಟು ಮಾಡಿದ್ದರು. ಪೂರ್ತಿ ಬಿಡಿಸುವ ಬದಲು ಹತ್ತು ದಿನಕ್ಕೊಮ್ಮೆ ಅರ್ಧ ಚಮಚ ಇಳಿಸುವುದು ಎಂದಾಯಿತು. ನಾಲಿಗೆ ಹೊಂದಿಕೊಳ್ಳಲು ಅಷ್ಟು ಸಮಯ ಬೇಕು. ಲೋಟವೂ ಸಣ್ಣದಾಯಿತು, ಐದು ಹೋಗಿ ಮೂರಾಯಿತು. ಕಾಫಿ ಸೀಮೆಯಲ್ಲಿ ಕಾಫಿಯನ್ನೇ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಎರಡು, ಮುದ್ದೆ. ರಾತ್ರಿ ಅನ್ನದ ಬದಲು ರಾಗಿ ಮುದ್ದೆ ಶುರುವಾಗಿತ್ತು. ಒಳ್ಳೆಯದೇ. ಆದರೆ ಯಜಮಾನರು ಎರಡು ಮುದ್ದೆ ಉಣ್ಣುತ್ತಿದ್ದರು. ಅಕ್ಕನ ಕೈಯ ಮುದ್ದೆ ತವರಿನ ಅಳತೆಯದು, ಹೊಲದಲ್ಲಿ ದುಡಿಯುವವರ ಮುದ್ದೆ. ಹಿಟ್ಟು ತೂಗಿದೆವು: ಒಂದಕ್ಕೆ 130 ಗ್ರಾಂ. ಅಕ್ಕಿ 100 ಗ್ರಾಂಗೆ ಸುಮಾರು 350 ಕ್ಯಾಲೊರಿ ಇದ್ದರೆ ರಾಗಿಗೆ 320ರ ಮೇಲೆ. ದೊಡ್ಡ ವ್ಯತ್ಯಾಸ ಏನಿಲ್ಲ. ರಾಗಿಯ ಹೆಚ್ಚುಗಾರಿಕೆ ನಾರಿನಲ್ಲಿ, ಸುಣ್ಣದ ಅಂಶದಲ್ಲಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಸಿಗುತ್ತದೆ, ಯಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ಹೊಟ್ಟೆಯೂ ಬೇಗ ತುಂಬುತ್ತದೆ. ಆದರೆ ಎರಡು ದೊಡ್ಡ ಮುದ್ದೆ ಉಂಡರೆ ಹಗುರ ಊಟ ಹೇಗಾಗುತ್ತದೆ? 80 ಗ್ರಾಂ ಹಿಟ್ಟಿನ ಒಂದು ಮುದ್ದೆ, ಜೊತೆಗೆ ಪಲ್ಯ ಎರಡು ಪಟ್ಟು ಎಂದು ತೀರ್ಮಾನವಾಯಿತು. ಪಲ್ಯದ ಬಟ್ಟಲನ್ನು ಮೊದಲು ತಟ್ಟೆಗೆ ಇಡುವುದು, ಮುದ್ದೆ ಆಮೇಲೆ. ಇಷ್ಟು ಸಣ್ಣ ವಿಷಯ ಕೆಲಸ ಮಾಡುತ್ತದಾ ಎಂದು ಅವರಿಗೂ ಅನುಮಾನ ಇತ್ತು. ಮಾಡಿತು.

ಅಜ್ಜಿಯ ರೊಟ್ಟಿ

ಬೆಳಗಿನ ರೊಟ್ಟಿ ಮಾತ್ರ ಬಗ್ಗಲಿಲ್ಲ. ಎಣ್ಣೆ ಒಂದು ಚಮಚಕ್ಕೆ ಇಳಿಸಿದರೆ ತಟ್ಟಿದ ರೊಟ್ಟಿ ಒಣಗಿ ಒಡೆಯುತ್ತಿತ್ತು. ಸೋರೆಕಾಯಿ ತುರಿದು ಹಾಕಿ ನೋಡಿದೆವು, ಸಬ್ಬಸಿಗೆ ಸೊಪ್ಪು ಹಾಕಿ ನೋಡಿದೆವು. ಪರವಾಗಿಲ್ಲ ಅನ್ನುವಂತಿತ್ತು, ಆದರೆ ಮಗ ತಿನ್ನುತ್ತಿರಲಿಲ್ಲ. ಬಾಟಲಿಯ ಎಣ್ಣೆ ಮುಕ್ಕಾಲು ಪಾಲು ಈ ಒಂದು ತಿಂಡಿಗೇ ಹೋಗುತ್ತಿತ್ತು.

ಅಜ್ಜಿ ಅಲ್ಲಿಯವರೆಗೆ ನನ್ನನ್ನು ಅಷ್ಟಾಗಿ ಮಾತಾಡಿಸಿರಲಿಲ್ಲ. ಮಗನ ಊಟ ಕಡಿಮೆ ಮಾಡಿಸಲು ಬಂದವಳು ಅನ್ನುವ ಬೇಸರ ಇತ್ತು, ಅದು ಸಹಜವೇ. ಆಗಸ್ಟ್ ಮೊದಲ ವಾರ ನಾನು ಹೋದಾಗ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ನಾನೇ ಹತ್ತಿರ ಹೋಗಿ, ‘ಅಜ್ಜಿ, ನೀವು ಚಿಕ್ಕವರಿದ್ದಾಗ ಮನೇಲಿ ರೊಟ್ಟಿಗೆ ಎಷ್ಟು ಎಣ್ಣೆ ಹಾಕ್ತಿದ್ರಿ?’ ಎಂದೆ.

‘ರೊಟ್ಟಿಗೆ ಎಣ್ಣೆಯಾ? ಎಣ್ಣೆ ಎಲ್ಲಿತ್ತವ್ವ ಆಗ! ಹಿಟ್ಟು ಬೇಯ್ಸಿ ನಾದಿ, ತೆಳ್ಳಗೆ ಲಟ್ಟಿಸಿ, ಕೆಂಡದ ಮೇಲೆ ಉಬ್ಬಿಸ್ತಿದ್ವಿ. ಈ ತಟ್ಟೋ ರೊಟ್ಟಿ ನಮ್ದಲ್ಲ. ಪೇಟೆಗೆ ಬಂದು ಗ್ಯಾಸ್ ಬಂದಮೇಲೆ ಶುರುವಾಗಿದ್ದು.’

ಅಡುಗೆಮನೆಯಲ್ಲಿ ಎಲ್ಲರೂ ಸುಮ್ಮನಾದೆವು. ಅಕ್ಕ ನಿಧಾನಕ್ಕೆ, ‘ನೀವು ಯಾವತ್ತೂ ಹೇಳಲೇ ಇಲ್ಲವಲ್ಲ ಅತ್ತೆ’ ಅಂದರು. ‘ನೀನು ಯಾವತ್ತೂ ಕೇಳಲಿಲ್ಲವಲ್ಲೇ’ ಅಂದರು ಅಜ್ಜಿ. ಎದ್ದು ಸೆರಗು ಸಿಕ್ಕಿಸಿಕೊಂಡರು.

ಒಂದು ಲೋಟ ಹಿಟ್ಟಿಗೆ ಒಂದು ಲೋಟಕ್ಕಿಂತ ಸ್ವಲ್ಪ ಜಾಸ್ತಿ ನೀರು. ನೀರು ಕುದಿಯುವಾಗ ಉಪ್ಪು, ಹಿಟ್ಟು ಹಾಕಿ, ಉರಿ ಸಣ್ಣ ಮಾಡಿ ಮುಚ್ಚಿಟ್ಟರು. ಇಳಿಸಿ, ಹಿಂದಿನ ರಾತ್ರಿಯ ಒಂದು ಹಿಡಿ ಅನ್ನ ಸೇರಿಸಿ, ಕೈ ಸುಡುವ ಬಿಸಿಯಲ್ಲೇ ನೀರು ಮುಟ್ಟಿಸಿಕೊಂಡು ನಾದಿದರು. ‘ಆರಿದ ಮೇಲೆ ನಾದಿದ್ರೆ ಒಡೆಯುತ್ತೆ’ ಎಂದು ಅಕ್ಕನ ಕೈಯನ್ನೂ ಅದರೊಳಗೆ ಎಳೆದರು. ಉಂಡೆ ಮಾಡಿ, ಒಣ ಹಿಟ್ಟಿನಲ್ಲಿ ಹೊರಳಿಸಿ, ಲಟ್ಟಣಿಗೆಯಲ್ಲಿ ಅಂಚು ತೆಳ್ಳಗಾಗುವ ಹಾಗೆ ಲಟ್ಟಿಸಿದರು. ಕಾದ ಕಾವಲಿಯ ಮೇಲೆ ಎರಡೂ ಕಡೆ ಅರ್ಧ ಬೇಯಿಸಿ, ಕೆಂಡ ಇಲ್ಲದ್ದಕ್ಕೆ ಗ್ಯಾಸಿನ ಮೇಲೆ ಜಾಲರಿ ಇಟ್ಟು ಹಾಕಿದರು. ರೊಟ್ಟಿ ಪುಸ್ಸನೆ ಉಬ್ಬಿತು. ಒಂದು ತೊಟ್ಟು ಎಣ್ಣೆ ಇಲ್ಲ. ಮಗ ಆ ದಿನ ಆರು ತಿಂದ.

ಇದಾದ ಮೇಲೆ ಮನೆಯ ಗಾಳಿಯೇ ಬದಲಾಯಿತು. ಅಜ್ಜಿ ನೆನಪು ಮಾಡಿಕೊಂಡು ಒಂದೊಂದೇ ಹೇಳತೊಡಗಿದರು. ವಾರಕ್ಕೆ ಎರಡು ದಿನ ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿ ಕಡುಬು. ಕಡುಬಿನ ಜೊತೆ ಕೋಳಿ ಸಾರಾದರೆ ಚರ್ಮ ತೆಗೆದು, ಮೇಲೆ ತೇಲುವ ಎಣ್ಣೆ ತೆಗೆದು. ಮಿಡಿ ಉಪ್ಪಿನಕಾಯಿ ತಟ್ಟೆಗೆ ಒಂದೇ ಹೋಳು, ಅದು ಉಪ್ಪಿನ ಲೆಕ್ಕಕ್ಕೆ. ಹಗುರ ಅಡುಗೆ ಎನ್ನುವುದು ಅವರಿಗೆ ಹೊಸದಾಗಿ ಯಾರೋ ಹೇಳಿಕೊಟ್ಟದ್ದಾಗಿ ಉಳಿಯಲಿಲ್ಲ. ನನ್ನ ಚಾರ್ಟಿಗೆ ಆಗದ್ದು ಅಜ್ಜಿಯ ಒಂದು ಮಾತಿಗೆ ಆಯಿತು.

ನಾನು ನೋಡದೇ ಹೋದದ್ದು

ಸೆಪ್ಟೆಂಬರ್ ನಡುವೆ ಎಲ್ಲರ ತೂಕ ನೋಡಿದೆವು. ಯಜಮಾನರು 80.5ಕ್ಕೆ ಬಂದಿದ್ದರು. ಟ್ರೈಗ್ಲಿಸರೈಡ್ 188, ಎಚ್‌ಬಿಎ1ಸಿ 6.0. ಎಲ್ಲರಿಗೂ ಸಂತೋಷ. ಆಮೇಲೆ ಅಜ್ಜಿ ತಕ್ಕಡಿ ಹತ್ತಿದರು. 43.5. ಜುಲೈಯಲ್ಲಿ 46 ಇದ್ದರು.

ನನ್ನ ಎದೆ ಧಸಕ್ಕೆಂದಿತು. 72 ವರ್ಷದ, ಮೊದಲೇ ತೆಳ್ಳಗಿರುವ ಹೆಂಗಸು ಎರಡೂವರೆ ಕೆಜಿ ಕಳೆದುಕೊಳ್ಳುವುದು ಒಳ್ಳೆಯ ಸುದ್ದಿಯಲ್ಲ. ವಯಸ್ಸಾದವರಲ್ಲಿ ಬಯಸದೇ ತೂಕ ಇಳಿದರೆ ಇಳಿಯುವುದು ಮಾಂಸಖಂಡ. ಬಿದ್ದರೆ ಏಳುವ ಶಕ್ತಿ ಇರುವುದಿಲ್ಲ. ಮೊದಲು ಡಾಕ್ಟರ ಹತ್ತಿರ ಕಳಿಸಿ ಥೈರಾಯ್ಡ್, ಸಕ್ಕರೆ ಎಲ್ಲ ನೋಡಿಸಿದೆ. ಬೇರೆ ಏನೂ ಇರಲಿಲ್ಲ. ಊಟವೇ ಕಾರಣ. ಅವರು ತಿನ್ನುವುದು ಸ್ವಲ್ಪವೇ, ಆ ಸ್ವಲ್ಪದಲ್ಲಿ ಇದ್ದ ಕಾಯಿ, ಎಣ್ಣೆ, ಗಟ್ಟಿ ಮೊಸರು ಅವರನ್ನು ಹಿಡಿದಿಟ್ಟಿದ್ದವು. ನಾವು ಅದನ್ನು ಎಲ್ಲರ ಜೊತೆ ಅವರಿಂದಲೂ ತೆಗೆದುಬಿಟ್ಟಿದ್ದೆವು. ಮಗನೂ ಸಂಜೆ ಆಟ ಮುಗಿಸಿ ಬರುವಾಗ ಬೇಕರಿಯಲ್ಲಿ ಪಫ್ಸ್, ಖಾರ ಬನ್ ತಿನ್ನುತ್ತಿದ್ದದ್ದು ಆಗಲೇ ಗೊತ್ತಾಯಿತು. ಬೆಳೆಯುವ ಹುಡುಗ, ಹಸಿವು ತಡೆಯುತ್ತದಾ?

ಒಂದೇ ಪಾತ್ರೆ ಎನ್ನುವ ತೀರ್ಮಾನವನ್ನು ಬಿಡಲಿಲ್ಲ. ಆದರೆ ಅದಕ್ಕೆ ಇನ್ನೊಂದು ಮಾತು ಸೇರಿಸಿದೆವು. ಪಾತ್ರೆ ಹಗುರವಾಗಿಯೇ ಇರಲಿ, ಬೇಕಾದವರಿಗೆ ತಟ್ಟೆಯಲ್ಲಿ ಸೇರಿಸೋಣ. ಅಜ್ಜಿಯ ಬಿಸಿ ಅನ್ನಕ್ಕೆ ಎರಡು ಚಮಚ ತುಪ್ಪ, ಮಜ್ಜಿಗೆ ಬದಲು ಗಟ್ಟಿ ಮೊಸರು, ಬೆಳಗ್ಗೆ ಒಂದು ಮೊಟ್ಟೆ, ಮಲಗುವಾಗ ಹಾಲು, ಬಾಳೆಹಣ್ಣು. ಮಗನಿಗೆ ರೊಟ್ಟಿಯ ಮೇಲೆ ಬೆಣ್ಣೆ, ಎರಡು ಮೊಟ್ಟೆ, ಚೀಲದಲ್ಲಿ ಒಂದು ಹಿಡಿ ಬೇಯಿಸಿದ ಕಡಲೆಕಾಯಿ ಇಲ್ಲವೇ ಕಾಳಿನ ಉಸ್ಲಿ. ಅಕ್ಕನಿಗೆ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಅವರ ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು, ಮತ್ತೆ ಕಾಫಿ ತಿಂಡಿ ಆದ ಒಂದು ಗಂಟೆಯ ಮೇಲೆ. ಊಟದ ಜೊತೆಗೇ ಕಾಫಿ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಇಷ್ಟನ್ನು ಅವರು ತಕ್ಷಣ ಒಪ್ಪಿದರು. ಎಲ್ಲರ ಜೊತೆ ಕೂತು ಉಣ್ಣಿ ಎಂದದ್ದನ್ನು ಒಪ್ಪಲು ಬಹಳ ದಿನ ಹಿಡಿಯಿತು. ಕೊನೆಗೆ ಮಗಳು ಬಡಿಸುವ ಕೆಲಸ ತೆಗೆದುಕೊಂಡಳು. ಪಾತ್ರೆಗಳನ್ನು ಮೇಜಿನ ಮೇಲಿಟ್ಟು ‘ಯಾರ್ಯಾರಿಗೆ ಬೇಕೋ ಹಾಕ್ಕೊಳ್ಳಿ, ಅಮ್ಮ ಕೂತ್ಕೊಳ್ಳಲಿ’ ಅಂದಳು.

ದೀಪಾವಳಿ, ಆಮೇಲೆ ಡಿಸೆಂಬರ್

ಹಬ್ಬದಲ್ಲಿ ಬಾಟಲಿ ಅಟ್ಟಕ್ಕೆ ಹೋಯಿತು, ಡಬ್ಬಿ ಕೆಳಗೆ ಬಂತು. ಕಜ್ಜಾಯ, ಚಕ್ಕುಲಿ, ಹೋಳಿಗೆ. ಯಜಮಾನರ ತೂಕ ಒಂದು ಕೆಜಿ ಏರಿತು. ನಾನು ಇದನ್ನು ಮೊದಲೇ ಹೇಳಿದ್ದೆ, ಹಬ್ಬ ಹಬ್ಬವೇ ಆಗಿರಲಿ ಎಂದು. ಹಬ್ಬದ ಮುಂದಿನ ಭಾನುವಾರ ಬಾಟಲಿ ತುಂಬುವುದು ಮಾತ್ರ ತಪ್ಪಬಾರದು. ಒಂದು ವಾರ ತಪ್ಪಿತು, ಎರಡನೇ ವಾರ ಮಗಳೇ ತುಂಬಿದಳು.

ಡಿಸೆಂಬರ್ ಪರೀಕ್ಷೆಯಲ್ಲಿ ಯಜಮಾನರ ತೂಕ 79, ಸೊಂಟ 95, ಟ್ರೈಗ್ಲಿಸರೈಡ್ 162, ಎಚ್‌ಬಿಎ1ಸಿ 5.8. ತಿಂಗಳ ಎಣ್ಣೆ ಮೂರೂವರೆ ಲೀಟರ್, ತಲಾ ದಿನಕ್ಕೆ 21 ಗ್ರಾಂ. ಅಜ್ಜಿ 45.5. ಇದೆಲ್ಲ ಅಡುಗೆಯಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಮಳೆ ನಿಂತ ಮೇಲೆ ಯಜಮಾನರು ದಿನಾ ಅರ್ಧ ಗಂಟೆ ನಡೆಯತೊಡಗಿದ್ದರು, ಅದರ ಪಾಲೂ ಇದೆ. ಎರಡನ್ನೂ ಬೇರೆ ಮಾಡಿ ಅಳೆಯಲು ಒಂದು ಮನೆಯ ಕಥೆಯಿಂದ ಆಗುವುದಿಲ್ಲ. 5.8 ಎಂದರೆ ಇನ್ನೂ ಹೊಸ್ತಿಲಲ್ಲೇ ಇದ್ದಾರೆ ಎನ್ನುವುದನ್ನೂ ಅವರಿಗೆ ಹೇಳಿದ್ದೇನೆ.

ಈ ಮನೆಯ ನಂತರ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಮೊದಲ ದಿನ ಚಾರ್ಟು ಕೊಡುವುದಿಲ್ಲ. ಅಡುಗೆ ಮಾಡುವವರನ್ನು ಮೊದಲು ಮಾತಾಡಿಸುತ್ತೇನೆ: ತಿಂಗಳಿಗೆ ಎಣ್ಣೆ ಎಷ್ಟು, ಕಾಯಿ ಎಷ್ಟು, ನಿಮ್ಮ ತವರು ಯಾವುದು, ಅಲ್ಲಿ ಏನು ಉಣ್ಣುತ್ತಿದ್ದಿರಿ, ನೀವು ಊಟಕ್ಕೆ ಕೂರುವುದು ಎಷ್ಟು ಹೊತ್ತಿಗೆ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೆ ನೆನಪಿರುವ ಅಡುಗೆ ಕೇಳುತ್ತೇನೆ. ಯಾರ ತೂಕ ಇಳಿಯಬೇಕು ಎನ್ನುವುದರ ಜೊತೆಗೆ ಯಾರ ತೂಕ ಇಳಿಯಬಾರದು ಎಂದೂ ಬರೆದುಕೊಳ್ಳುತ್ತೇನೆ. ಬಂದ ಎಲ್ಲರಿಗೂ ಓಟ್ಸ್ ಬರೆದುಕೊಡುತ್ತಿದ್ದ ದಿನಗಳನ್ನು ನೆನೆದರೆ, ಎಷ್ಟು ಮನೆಯ ಹೆಂಗಸರಿಗೆ ಸುಮ್ನೆ ಕೆಲಸ ಜಾಸ್ತಿ ಮಾಡಿದೆನೋ ಎಂದು ನೋವಾಗುತ್ತದೆ.

ಕೊನೆಯ ಸಲ ಹೋಗಿದ್ದು ಜನವರಿಯಲ್ಲಿ. ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರು ಕುದಿಯುತ್ತಿತ್ತು, ಇಡೀ ಮನೆ ಸೊಗಡಿನ ವಾಸನೆ. ಅಜ್ಜಿ ಅಂಗಳದ ಬಿಸಿಲಲ್ಲಿ ಕೂತು ಅವರೆಬೇಳೆ ಹಿತುಕುತ್ತಿದ್ದರು. ಬಾಟಲಿಯಲ್ಲಿ ಗುರುವಾರದ ಗೆರೆಗೆ ಸರಿಯಾಗಿ ಎಣ್ಣೆ ಇತ್ತು. ಅಕ್ಕನ ಹಿಮೋಗ್ಲೋಬಿನ್ 11.1ಕ್ಕೆ ಬಂದಿದೆ, ಇನ್ನೂ 12 ಆಗಿಲ್ಲ. ವಾರದ ದಿನಗಳಲ್ಲಿ ಎಲ್ಲರ ಜೊತೆ ಕೂತು ಉಣ್ಣುತ್ತಾರೆ. ಭಾನುವಾರ ನೆಂಟರು ಬಂದಾಗ ಮಾತ್ರ ಇವತ್ತಿಗೂ ಕೊನೆಗೇ ಕೂರುತ್ತಾರೆ. ಮುಂದಿನ ಪರೀಕ್ಷೆ ಮಾರ್ಚಿನಲ್ಲಿದೆ.